ಲಂಡನ್‌ಗೆ ಹೋಗೋಕೆ ಐದು ಗಂಟೆ, ಬರೋಕೆ ಹದಿನೈದಾ?

ಪ್ರಶ್ನೆ: ಮಗಳು ಲಂಡನ್‌ನಲ್ಲಿದಾಳೆ, ಜನವರಿಲಿ ನಾನೂ ನಮ್ಮೆಜಮಾನ್ರೂ ಹೊರಟಿದೀವಿ. ಟಿಕೆಟ್‌ನಲ್ಲಿ ಬೆಂಗಳೂರು ಬಿಡೋದು ಬೆಳಿಗ್ಗೆ 7ಕ್ಕೆ, ಲಂಡನ್ ಸೇರೋದು ಅದೇ ದಿನ ಮಧ್ಯಾಹ್ನ 12:15ಕ್ಕೆ ಅಂತಿದೆ. ವಾಪಸ್ ಬರೋವಾಗ ಮಧ್ಯಾಹ್ನ 2ಕ್ಕೆ ಹೊರಟ್ರೆ ಮಾರನೇ ದಿನ ಬೆಳಗಿನ ಜಾವ 5:15. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಹೆಂಗೆ? ಭೂಮಿ ತಿರುಗ್ತಾ ಲಂಡನ್ನೇ ನಮ್ಮ ಕಡೆ ಬರುತ್ತೆ ಅಂತಾನೆ ನನ್ನ ತಮ್ಮ. ಯಜಮಾನ್ರಿಗೆ ಶುಗರ್ ಇದೆ, ಅದಕ್ಕೇ ಸರಿಯಾದ ಲೆಕ್ಕ ಬೇಕು.
(ಓದುಗರು, ದಾವಣಗೆರೆ)

ಉತ್ತರ: ಟಿಕೆಟ್‌ನಲ್ಲಿ ಯಾವ ಊರಿಗೆ ಆ ಊರಿನ ಗಡಿಯಾರದ ಟೈಮೇ ಹಾಕಿರ್ತಾರೆ. ಚಳಿಗಾಲದಲ್ಲಿ ಲಂಡನ್ ನಮಗಿಂತ 5:30 ಗಂಟೆ ಹಿಂದೆ, ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ 4:30 ಗಂಟೆ. ಹೋಗೋವಾಗ ಬೆಳಿಗ್ಗೆ 7ರಿಂದ 12:15ರವರೆಗಿನ 5:15 ಗಂಟೆಗೆ ಈ ಐದೂವರೆ ಕೂಡಿಸಿ, ಬರೋವಾಗ ಮಧ್ಯಾಹ್ನ 2ರಿಂದ ಮಾರನೇ ದಿನದ ತನಕದ 15:15 ಗಂಟೇಲಿ ಕಳೀರಿ, ಆಗ 10:45 ಮತ್ತು 9:45 ಬರುತ್ತೆ, ನೀವು ಕೂರೋದು ಅಷ್ಟು ಹೊತ್ತು.

ಉಳಿದ ಒಂದು ಗಂಟೆ ವ್ಯತ್ಯಾಸ ಗಾಳೀದು. ಭೂಮಿ ತಿರುಗುತ್ತೆ ನಿಜ, ಆದ್ರೆ ಗಾಳಿನೂ ಅದರ ಜೊತೆಗೇ ತಿರುಗುತ್ತಲ್ವಾ, ವಿಮಾನ ಹಾರೋದು ಆ ಗಾಳಿಯೊಳಗೇ, ಹಾಗಾಗಿ ಲಂಡನ್ ಎದುರು ಬರೋದು ಅಂತೇನಿಲ್ಲ, ಹಾಗೇನಾದ್ರೂ ಆಗಿದ್ರೆ ಹೋಗೋದೇ ಬೇಗ ಆಗ್ಬೇಕಿತ್ತು, ಇಲ್ಲಿ ಉಲ್ಟಾ ಆಗ್ತಿದೆ ನೋಡಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜೋರು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇದ್ದು ಎದುರುಗಾಳಿ 100 ಇದ್ರೆ ನೆಲದ ಲೆಕ್ಕದಲ್ಲಿ 800 ಅಷ್ಟೇ, ಬರೋವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತೆ. 2020ರ ಫೆಬ್ರವರಿಲಿ ಬಿರುಗಾಳಿ ಹೊತ್ತಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದಿಳಿದಿತ್ತು.

ದೂರ ಅಂದ್ರೆ ನೇರವಾಗಿ ಸುಮಾರು 8,000 ಕಿ.ಮೀ. ಗೋಳದ ಮೇಲೆ ದಾರ ಹಿಡಿದು ಎಳೆದು ನೋಡಿ, ಹತ್ತಿರದ ದಾರಿ ಪಾಕಿಸ್ತಾನ, ಕ್ಯಾಸ್ಪಿಯನ್ ಸಮುದ್ರದ ಕಡೆಯಿಂದ ಮೇಲಕ್ಕೆ ಬಾಗಿ ಹೋಗುತ್ತೆ, ಗೋಡೆ ಮ್ಯಾಪಿನಲ್ಲಿ ಸ್ಕೇಲ್ ಇಟ್ರೆ ಅದು ಕಾಣಲ್ಲ. ಆದ್ರೆ 2022ರಿಂದ ಯುದ್ಧದ ಕಾರಣ ಉಕ್ರೇನ್ ಆಕಾಶ ಬಂದ್, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ಹಿಂಗೆಲ್ಲ ಆದಾಗ ಸುತ್ತು ಹಾಕ್ಬೇಕಾಗುತ್ತೆ, ಟೈಮೂ ಜಾಸ್ತಿ. ಟಿಕೆಟ್ ಟೈಮಿನಲ್ಲಿ ರನ್‌ವೇ ತನಕ ಉರುಳೋದು, ಇಳಿಯೋಕೆ ಮುಂಚೆ ಕ್ಯೂನಲ್ಲಿ ಸುತ್ತೋದು ಎಲ್ಲಾ ಸೇರಿರುತ್ತೆ.

ಈಗ ಯಜಮಾನರ ವಿಷಯ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಹೋಗೋ ದಿನ ಅವರಿಗೆ ಇಪ್ಪತ್ತೊಂಬತ್ತೂವರೆ ಗಂಟೆಯ ದಿನ, ಬರೋವಾಗ ಹದಿನೆಂಟೂವರೆ ಗಂಟೇದು. ಇನ್ಸುಲಿನ್ ಇದ್ರಂತೂ ಗಡಿಯಾರ ನೋಡ್ಕೊಂಡು ತಗೊಂಡ್ರೆ ಎಡವಟ್ಟಾಗುತ್ತೆ, ಈ 10:45, 9:45 ಲೆಕ್ಕ ಬರ್ಕೊಂಡು ಹೋಗಿ ಡಾಕ್ಟರ್ ಹತ್ರ ಡೋಸ್ ಟೈಮ್ ಕೇಳ್ಕೊಂಡು ಬನ್ನಿ. ಔಷಧಿ ಮತ್ತೆ ಪ್ರಿಸ್ಕ್ರಿಪ್ಷನ್ ಕೈ ಬ್ಯಾಗಲ್ಲೇ ಇರಲಿ, ಚೆಕ್ಇನ್ ಸಾಮಾನಲ್ಲಿ ಹಾಕ್ಬೇಡಿ. ಮಧ್ಯೆ ಮಧ್ಯೆ ಎದ್ದು ಓಡಾಡಿ.