ಮಕ್ಕಳ ಕೈಖರ್ಚು: ಯಾವಾಗ, ಎಷ್ಟು, ಹೇಗೆ?

ಪ್ರಶ್ನೆ: ನನ್ನ ಮಗ ಎಂಟನೇ ತರಗತಿಯಲ್ಲಿ, ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾರೆ. ಯಜಮಾನರದು ಹಾರ್ಡ್‌ವೇರ್ ಅಂಗಡಿ. ಮಗ ಕೇಳಿದಾಗಲೆಲ್ಲ ಗಲ್ಲಾದಿಂದ ಇಪ್ಪತ್ತೋ ಐವತ್ತೋ ಕೊಟ್ಟುಬಿಡುತ್ತಾರೆ. ನಾನು ಬೇಡವೆಂದರೆ ಅತ್ತೆಯವರು ಗುಟ್ಟಾಗಿ ಕೊಡುತ್ತಾರೆ. ಗೆಳೆಯರಿಗೆಲ್ಲ ಪಾಕೆಟ್ ಮನಿ ಸಿಗುತ್ತದೆ, ತನಗೂ ತಿಂಗಳಿಗೆ ಸಾವಿರ ರೂಪಾಯಿ ಬೇಕು, ಫೋನಿನಲ್ಲಿ ಯುಪಿಐ ಹಾಕಿಕೊಡಿ ಎಂದು ಮಗ ಈಗ ಹಟ ಹಿಡಿದಿದ್ದಾನೆ. ಯಾವ ವಯಸ್ಸಿನಿಂದ, ಎಷ್ಟು ಕೊಡುವುದು ಸರಿ? ಅಂಕಕ್ಕೆ ಇಷ್ಟು, ಮನೆಗೆಲಸಕ್ಕೆ ಇಷ್ಟು ಎಂದು ನಿಗದಿ ಮಾಡಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಮನೆಯಲ್ಲಿ ಕೈಖರ್ಚು ಕೊಡುವುದು ಈಗಾಗಲೇ ಆರಂಭವಾಗಿದೆ, ಅದಕ್ಕೆ ದಿನ ಗೊತ್ತಿಲ್ಲ, ಲೆಕ್ಕವಿಲ್ಲ, ಕೊಡುವವರು ಮಾತ್ರ ಇಬ್ಬರಿದ್ದಾರೆ. ಗಲ್ಲಾದಿಂದ ಹೋದದ್ದನ್ನೂ ಅಜ್ಜಿಯ ಕೈಯಿಂದ ಹೋದದ್ದನ್ನೂ ಎರಡು ವಾರ ಬರೆದಿಟ್ಟು ಕೂಡಿಸಿ ನೋಡಿ. ಅವನು ಕೇಳುತ್ತಿರುವ ಸಾವಿರಕ್ಕೆ ಆ ಮೊತ್ತ ಹತ್ತಿರವಾಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಕೊಡಬೇಕೇ ಬೇಡವೇ ಎಂಬುದಕ್ಕಿಂತ, ಕೇಳಿದಾಗ ಕೊಡುವುದನ್ನು ನಿಲ್ಲಿಸಿ ಗೊತ್ತಾದ ದಿನ ಗೊತ್ತಾದ ಮೊತ್ತ ಕೊಡುವುದಕ್ಕೆ ಹೇಗೆ ಬದಲಾಯಿಸಿಕೊಳ್ಳುವುದು ಎಂದು ಯೋಚಿಸುವುದು ಮೇಲು. ಕೇಳಿದಾಗ ಹಣ ಪಡೆಯುವ ಮಗು ಕೇಳುವ ಹೊತ್ತನ್ನೂ ಕೇಳಬೇಕಾದ ವ್ಯಕ್ತಿಯನ್ನೂ ಆರಿಸುವುದರಲ್ಲಿ ಜಾಣವಾಗುತ್ತದೆಯೇ ಹೊರತು, ಇರುವ ಹಣದಲ್ಲಿ ಯಾವುದು ಮೊದಲು ಎಂದು ನಿರ್ಧರಿಸುವ ಪ್ರಸಂಗವೇ ಅದಕ್ಕೆ ಬರುವುದಿಲ್ಲ.

ವಯಸ್ಸಿಗೆ ಖಚಿತವಾದ ಗೆರೆಯಿಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ಹನ್ನೆರಡು ರೂಪಾಯಿಯ ವಸ್ತು ತಂದ ಮಗು ಎಂಟು ರೂಪಾಯಿ ಚಿಲ್ಲರೆಯನ್ನು ತಾನೇ ಎಣಿಸಿ ತರುತ್ತದೆಯೆಂದಾದರೆ ಆರಂಭಿಸಬಹುದು. ನಿಮ್ಮ ಮಗಳಿಗೆ ವಾರಕ್ಕೆ ಇಪ್ಪತ್ತು ರೂಪಾಯಿ ಸಾಕು.

ಮಗನ ವಿಷಯದಲ್ಲಿ ಗೆಳೆಯರ ಮನೆಯ ದರ ಅಳತೆಗೋಲಾಗಬಾರದು. ಭಾನುವಾರ ಅವನನ್ನು ಕೂರಿಸಿಕೊಂಡು ಪಟ್ಟಿ ಮಾಡಿ. ಶುಲ್ಕ, ಸಮವಸ್ತ್ರ, ನೋಟ್‌ಪುಸ್ತಕ, ಊಟ, ಔಷಧಿ ಇವು ಮನೆಯ ಖರ್ಚು. ಇವನ್ನು ಕೈಖರ್ಚಿನೊಳಗೆ ತುರುಕಬೇಡಿ. ಸಂಜೆಯ ಗೋಬಿ ಅಥವಾ ಪಾನಿಪೂರಿ, ಇಷ್ಟದ ಪೆನ್ನು, ಸೈಕಲ್ಲಿನ ಪಂಕ್ಚರ್, ಗೆಳೆಯನ ಹುಟ್ಟುಹಬ್ಬದ ಉಡುಗೊರೆ ಅವನವು. ವಾರದಲ್ಲಿ ಎರಡು ಸಲ ತಿಂಡಿಗೆ 60 ರೂಪಾಯಿ, ಚಿಲ್ಲರೆ ಸಾಮಾನಿಗೆ 20, ಉಡುಗೊರೆ ಪಂಕ್ಚರ್‌ಗಳಿಗೆಂದು ತೆಗೆದಿಡಲು 20 ಎಂದಾದರೆ ನೂರಾಯಿತು. ಅವನೇ ಕೂಡಿಡಲಿ ಎಂದು ಇನ್ನಿಪ್ಪತ್ತು ಸೇರಿಸಿ. ನಿಮ್ಮ ಊರಿನ ದರಕ್ಕೂ ನಿಮ್ಮ ಕೈಗೂ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಎಂಟನೇ ತರಗತಿಯ ಹುಡುಗನಿಗೆ ತಿಂಗಳೆಂಬುದು ಬಹಳ ಉದ್ದವಾದ್ದರಿಂದ ಈಗ ವಾರಕ್ಕೊಮ್ಮೆ ಕೊಡಿ; ಪಿಯುಸಿಗೆ ಬಂದು ಜೆರಾಕ್ಸ್, ಕ್ಯಾಂಟೀನುಗಳ ಖರ್ಚು ಸೇರಿದ ಮೇಲೆ ತಿಂಗಳಿಗೆ ಬದಲಾಯಿಸಬಹುದು. ಮುಂದೆ ಮಗಳಿಗೂ ಇದೇ ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ, ಮಗನಿಗೆ ಪಾಸು ಬೇಕು ಎಂಬುದನ್ನು ನೆಪ ಮಾಡಿಕೊಂಡು ಅವಳ ಕೈಗೆ ಕಡಿಮೆ ಹಾಕುವುದು ಅನ್ಯಾಯ. ಪಾಸಿನ ಹಣವನ್ನೂ, ಹಾಗೆಯೇ ಸ್ಯಾನಿಟರಿ ಪ್ಯಾಡಿನ ಹಣವನ್ನೂ ಮನೆಯ ಖರ್ಚಿನಲ್ಲಿಟ್ಟು, ಉಳಿದದ್ದನ್ನು ವಯಸ್ಸಿಗೆ ತಕ್ಕಂತೆ ಸಮವಾಗಿ ಕೊಡಿ.

ಅಂಕಕ್ಕೂ ಮನೆಗೆಲಸಕ್ಕೂ ದರ ಕಟ್ಟಬೇಡಿ. ತಟ್ಟೆ ತೊಳೆದರೆ ಹತ್ತು ರೂಪಾಯಿ ಎಂದು ನೀವು ಹೇಳಿದ ಮರುದಿನವೇ, 'ನನಗೆ ಹತ್ತು ರೂಪಾಯಿ ಬೇಡ, ತೊಳೆಯುವುದೂ ಇಲ್ಲ' ಎನ್ನುವ ಹಕ್ಕು ಅವನಿಗೆ ಬರುತ್ತದೆ. ಆಮೇಲೆ ನೀವು ಗದರುವುದಕ್ಕೆ ಆಧಾರವೇ ಉಳಿಯುವುದಿಲ್ಲ. ಆದರೆ ದಸರಾ ರಜೆಯಲ್ಲಿ ಅಪ್ಪನ ಜೊತೆ ಕುಳಿತು ಅಂಗಡಿಯ ಬೋಲ್ಟು ನಟ್ಟುಗಳ ಸ್ಟಾಕ್ ಬರೆದುಕೊಟ್ಟರೆ ಖುಷಿಗೆ ಬೇರೆಯಾಗಿ ಏನಾದರೂ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ.

ನಿಜವಾದ ಕಷ್ಟ ಇರುವುದು ಬುಧವಾರವೇ ಹಣ ಮುಗಿದಾಗ. ಆಗ ಮತ್ತೆ ಕೊಟ್ಟರೆ ಇಷ್ಟೆಲ್ಲ ಲೆಕ್ಕ ಹಾಕಿದ್ದು ವ್ಯರ್ಥ. ಮುಂದಿನ ವಾರದ್ದರಲ್ಲಿ ಹಿಡಿದುಕೊಳ್ಳುವ ಕರಾರಿನ ಮೇಲೆ ಅಪರೂಪಕ್ಕೊಮ್ಮೆ ಮುಂಗಡ ಕೊಡಬಹುದು. ಹಾಗೆಯೇ, ಅವನು ಇಡೀ ನೂರಿಪ್ಪತ್ತನ್ನೂ ಕ್ರಿಕೆಟ್ ಚೆಂಡಿಗೆ ಸುರಿದರೆ ಭಾಷಣ ಮಾಡಬೇಡಿ. ಅದು ಅವನ ಆಯ್ಕೆ. ಯಜಮಾನರು ಗಲ್ಲಾ ಮುಚ್ಚದೆ ಇದಾವುದೂ ನಡೆಯುವುದಿಲ್ಲವಾದ್ದರಿಂದ ಮಗನಿಗಿಂತ ಮೊದಲು ಅವರೊಡನೆ ಮಾತಾಡಿ. ಅತ್ತೆಯವರ ಅಕ್ಕರೆಗೆ ತಡೆ ಹಾಕುವುದು ಬೇಡ. ಹಬ್ಬ, ಹುಟ್ಟುಹಬ್ಬಗಳಂದು ಮಕ್ಕಳ ಹುಂಡಿಗೆ ಹಾಕಿ ಎಂದು ಕೇಳಿಕೊಳ್ಳಿ.

ಯುಪಿಐ ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. 2024ರಲ್ಲಿ ಬಂದ ಯುಪಿಐ ಸರ್ಕಲ್ ಸೌಲಭ್ಯದಲ್ಲಿ ನಿಮ್ಮ ಖಾತೆಯಿಂದ ಇನ್ನೊಬ್ಬರು ಪಾವತಿಸುವಾಗ ಪ್ರತಿಯೊಂದಕ್ಕೂ ನೀವೇ ಒಪ್ಪಿಗೆ ಕೊಡುವ ವ್ಯವಸ್ಥೆ ಇರುವುದು ನಿಜ. ಆದರೆ ಹಾಗೆ ಮಾಡಿದರೆ ಅವನು ಮತ್ತೆ ಕೇಳಿ ಪಡೆಯುವವನೇ ಆಗುತ್ತಾನೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದ್ದರೂ ಆಟದೊಳಗೆ ವೇಷ, ಆಯುಧಗಳನ್ನು ಕೊಳ್ಳುವ ಆಮಿಷ ಹಾಗೆಯೇ ಉಳಿದಿದೆ. ನೋಟು ಖಾಲಿಯಾಗುವುದು ಜೇಬಿಗೆ ಕೈಹಾಕಿದಾಗ ಗೊತ್ತಾಗುತ್ತದೆ. ಹತ್ತನೇ ತರಗತಿ ಮುಗಿಯುವವರೆಗೆ ನಗದೇ ಇರಲಿ.

ಪ್ರಶ್ನೆ: ಹತ್ತು ತುಂಬಿದ ನನ್ನ ಮಗಳ ಗೋಲಕದಲ್ಲಿ ಹಬ್ಬದ ದುಡ್ಡು ಸುಮಾರು ನಾಲ್ಕು ಸಾವಿರ ಸೇರಿದೆ. ಅವಳ ಹೆಸರಿನಲ್ಲೇ ಖಾತೆ ತೆರೆಯಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ತೆರೆಯಬಹುದು. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಿರ್ವಹಿಸುವ ಉಳಿತಾಯ ಖಾತೆ ಹೊಂದಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಎಷ್ಟು ಹಣದವರೆಗೆ, ಯಾವ ಷರತ್ತಿನ ಮೇಲೆ, ಎಟಿಎಂ ಕಾರ್ಡ್ ಕೊಡಬೇಕೇ ಎಂಬುದನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆಯಾದ್ದರಿಂದ ಶಾಖೆಯಲ್ಲಿ ವಿಚಾರಿಸಿ. ಅಂಚೆ ಕಚೇರಿಯಲ್ಲಿಯೂ ಹತ್ತು ದಾಟಿದವರು ಸ್ವಂತ ಹೆಸರಿನಲ್ಲಿ ಉಳಿತಾಯ ಖಾತೆಯನ್ನೂ, ತಿಂಗಳಿಗೆ ಕನಿಷ್ಠ 100 ರೂಪಾಯಿಯ ಐದು ವರ್ಷದ ಆರ್.ಡಿ.ಯನ್ನೂ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಬಹುದು. ಚಲನ್ ತುಂಬುವುದು, ಸಹಿ ಮಾಡುವುದು ಅವಳ ಕೈಯಿಂದಲೇ ಆಗಲಿ, ನೀವು ಪಕ್ಕದಲ್ಲಿ ನಿಂತಿರಿ. ಗೋಲಕವನ್ನು ಪೂರ್ತಿ ಬರಿದು ಮಾಡದೆ, ಅವಳು ಬಯಸಿದ ಒಂದು ವಸ್ತುವಿಗೆ ಆಗುವಷ್ಟನ್ನು ಮೊದಲು ಅವಳ ಕೈಗೆ ಕೊಟ್ಟು ಉಳಿದದ್ದನ್ನು ಕಟ್ಟಿಸಿ. ಹದಿನೆಂಟು ತುಂಬಿದಾಗ ಹೊಸದಾಗಿ ಮಾದರಿ ಸಹಿ ಕೊಡಬೇಕಾಗುತ್ತದೆ.