ಮೆಡಿಕಲ್ ಪಾಸಾದ ಹುಡುಗ ಓಡುವಾಗ ಬಿದ್ದರೆ

ಪುಣೆಯ ಖಡಕಿಯಿಂದ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮೂರ ಕಡೆಯ ಹುಡುಗ, ಸೈನ್ಯಕ್ಕೆ ಸೇರಿ ನಾಲ್ಕೇ ತಿಂಗಳು. ತರಬೇತಿಯಲ್ಲಿ ಓಡುವಾಗ ಕುಸಿದವನು ಏಳಲೇ ಇಲ್ಲ. ಮೆಡಿಕಲ್ ಪಾಸಾದವನಿಗೆ ಹೀಗೆ ಹೇಗಾಯಿತು? ನನ್ನ ಮಗನೂ ಭರ್ತಿಗೆ ತಯಾರಾಗುತ್ತಿದ್ದಾನೆ. ಬೇಡ ಅನ್ನಲಾ?'

ಅಕ್ಕಾ, ಬೇಡ ಅನ್ನಬೇಡಿ. ಆ ಹುಡುಗನಿಗೆ ಏನಾಯಿತು ಅನ್ನುವುದನ್ನು ಪೋಸ್ಟ್‌ಮಾರ್ಟಂ ವರದಿಯೇ ಹೇಳಬೇಕು. ಆದರೆ ಇಂಥ ಸಾವುಗಳ ಲೆಕ್ಕವನ್ನು ಅಮೆರಿಕದ ಸೈನ್ಯ ಚೆನ್ನಾಗಿ ಇಟ್ಟಿದೆ. 1977ರಿಂದ 2001ರವರೆಗೆ ತರಬೇತಿಗೆ ಬಂದ 63 ಲಕ್ಷ ಹೊಸಬರಲ್ಲಿ ಪೆಟ್ಟು, ಗಾಯ ಇಲ್ಲದೆ ಹಠಾತ್ತನೆ ಸತ್ತವರು 126. ತೀರಾ ಅಪರೂಪ, ಅಲ್ವಾ? ಅವರಲ್ಲಿ ಹೆಚ್ಚಿನವರು ಬಿದ್ದದ್ದು ಕಸರತ್ತಿನ ಹೊತ್ತಲ್ಲೇ. ಅರ್ಧದಷ್ಟು ಜನರ ಹೃದಯದಲ್ಲಿ ದೋಷ ಕಂಡಿತು. ಮುಖ್ಯವಾಗಿ, ಹೃದಯಕ್ಕೆ ರಕ್ತ ಕೊಡುವ ಎಡ ನಾಳ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹುಟ್ಟಿತ್ತು. ಕೂತಿದ್ದಾಗ ಏನೂ ಗೊತ್ತಾಗುವುದಿಲ್ಲ. ಜೋರಾಗಿ ಓಡಿದಾಗ ಆ ನಾಳ ಅದುಮಿಕೊಳ್ಳುತ್ತದೆ. ಸ್ಟೆತಸ್ಕೋಪಿಗೆ ಇದು ಸಿಗುವುದಿಲ್ಲ, ಇಸಿಜಿಯೂ ಸರಿಯಾಗಿಯೇ ಬರಬಹುದು. ಇನ್ನು ಮೂರರಲ್ಲೊಂದು ಸಾವಿಗೆ ಕೊಯ್ದು ನೋಡಿದರೂ ಕಾರಣ ಸಿಗಲಿಲ್ಲ.

ನನಗೆ ಜಾಸ್ತಿ ಚಿಂತೆ ಬೇರೆಯದು. ಹೋದ ತಿಂಗಳು ಪುಣೆಗೆ ಬಂದಿದ್ದಾಗ ಹಡಪ್ಸರ್ ಕಡೆಯ ಮೈದಾನದಲ್ಲಿ ಭರ್ತಿಯ ಹುಡುಗರನ್ನು ನೋಡಿದೆ. ಒಬ್ಬ ಶೂ ಲೇಸು ಕಟ್ಟುತ್ತಲೇ ಜೇಬಿನಿಂದ ಕ್ರೋಸಿನ್ ತೆಗೆದು ನೀರಿಲ್ಲದೆ ನುಂಗಿದ. 'ಜ್ವರ ಐತ್ರಿ, ಆದ್ರ ಭರ್ತಿ ಹತ್ರ ಬಂತು' ಅಂದ. 1600 ಮೀಟರು, ಐದೂವರೆ ನಿಮಿಷ. ತಲೆಯಲ್ಲಿ ಅದೊಂದೇ. ವೈರಸ್ ಜ್ವರದಲ್ಲಿ ಹೃದಯದ ಸ್ನಾಯುವೇ ಊದಿಕೊಂಡಿರಬಹುದು. ಆಗ ಓಡಿದರೆ ಬಡಿತ ಹಾದಿ ತಪ್ಪಬಹುದು. ಜ್ವರದ ಮೈಗೆ ಬಿಸಿಲಿನ ಹೊಡೆತವೂ ಬೇಗ. ಮೈ 40 ಡಿಗ್ರಿ ದಾಟಿ ಹುಡುಗ ತೊದಲಿದರೆ, ಏನೇನೋ ಬಡಬಡಿಸಿದರೆ ಗಾಡಿ ಬರಲಿ ಅಂತ ಕಾಯಬಾರದು. ಅಲ್ಲೇ ನೀರು ಸುರಿಯಬೇಕು, ಐಸ್ ನೀರಿನ ತೊಟ್ಟಿ ಇದ್ದರೆ ಕತ್ತಿನವರೆಗೆ ಮುಳುಗಿಸಬೇಕು. ಆಸ್ಪತ್ರೆ ಆಮೇಲೆ.

ಮಗನನ್ನು ಸುಮ್ನೆ ಒಂದು ಸಂಜೆ ಕೂರಿಸಿಕೊಂಡು ಕೇಳಿ. ಓಡುತ್ತಿದ್ದಾಗಲೇ ಕಣ್ಣು ಕತ್ತಲೆ ಬಂದಿದೆಯಾ? ಎದೆ ಹಿಡಿದಿದೆಯಾ? ಎಲ್ಲಿ ಅನ್‌ಫಿಟ್ ಮಾಡ್ತಾರೋ ಅಂತ ಹುಡುಗರು ಇದನ್ನು ಮುಚ್ಚಿಡುತ್ತಾರೆ. ಹೃದಯದ ಕೆಲವು ದೋಷ ಮನೆತನದಲ್ಲೇ ಬರುತ್ತವೆ, ಅದಕ್ಕೆ ಊರಿಗೂ ಒಂದು ಫೋನ್ ಮಾಡಿ. ನಿಮ್ಮ ಕಡೆಯವರಲ್ಲಿ, ಮನೆಯವರ ಕಡೆಯಲ್ಲಿ ಚಿಕ್ಕ ವಯಸ್ಸಿಗೇ ನಿದ್ದೆಯಲ್ಲಿ ಹೋದವರು, ಚೆನ್ನಾಗಿ ಈಜು ಬರುತ್ತಿದ್ದೂ ಬಾವಿಯಲ್ಲಿ ಮುಳುಗಿದವರು ಇದ್ದಾರಾ ಅಂತ ಹಿರಿಯರನ್ನು ಕೇಳಿ. 'ದೆವ್ವ ಎಳೀತು' ಅಂದುಬಿಟ್ಟಿರುತ್ತಾರೆ, ಬಿಡಬೇಡಿ. ಒಂದಕ್ಕೆ ಹೌದು ಅಂದರೂ ಅವನ ಓಟ ನಿಲ್ಲಿಸಿ, ಹೃದಯದ ಡಾಕ್ಟರ ಹತ್ತಿರ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಅವರು ಸರಿ ಅಂದರೆ ಮತ್ತೆ ಮೈದಾನಕ್ಕೆ ಹೋಗಲಿ.