ಈ ಖರ್ಚು ಬಿಲ್ಲಿಗೋ, ನಮ್ಮ ಜೇಬಿಗೋ?

ಪ್ರಶ್ನೆ: ಗಂಗಾವತಿಯಲ್ಲಿದ್ದು ರೈಸ್‌ಮಿಲ್ ಮಷಿನ್ ರಿಪೇರಿ ಮಾಡುತ್ತೇನೆ. ಕಾರಟಗಿ, ಸಿಂಧನೂರು, ಸಿರಗುಪ್ಪದಿಂದಲೂ ಕರೆ ಬರುತ್ತವೆ. ಮಜೂರಿ ಜೊತೆ ಪೆಟ್ರೋಲು, ಊಟ, ಹೆಲ್ಪರ್ ಪಗಾರ, ಗ್ರೀಸು ಎಲ್ಲ ಬರೆದರೆ ಸಾಹುಕಾರರು ಗೀಟು ಹಾಕಿ ಕಡಿಮೆ ಮಾಡುತ್ತಾರೆ. ಬರೆಯದಿದ್ದರೆ ನನಗೇನೂ ಉಳಿಯುವುದಿಲ್ಲ. ಯಾವುದನ್ನು ಹಾಕಲಿ, ಯಾವುದನ್ನು ಬಿಡಲಿ?
– ಓದುಗರು, ಗಂಗಾವತಿ

ಉತ್ತರ: ಈ ಮಿಲ್ಲಿನಿಂದ ಕರೆ ಬರದೇ ಇದ್ದಿದ್ದರೂ ಈ ದುಡ್ಡು ಹೋಗುತ್ತಿತ್ತೇ ಎಂದು ಒಂದೊಂದು ಖರ್ಚಿಗೂ ಕೇಳಿಕೊಳ್ಳಿ. ಹೋಗುತ್ತಿತ್ತು ಎಂದಾದರೆ ಅದು ನಿಮ್ಮ ಧಂದೆಯ ಖರ್ಚು, ಬಿಲ್ಲಿನಲ್ಲಿ ಕಾಣಬಾರದು. ಅಂಗಡಿ ಬಾಡಿಗೆ, ಮೊಬೈಲ್ ರೀಚಾರ್ಜ್, ಬೈಕಿನ ಇನ್ಶೂರೆನ್ಸ್, ಸ್ಪ್ಯಾನರ್ ಸೆಟ್, ಬೇರಿಂಗ್ ಪುಲ್ಲರ್ ಎಲ್ಲ ಈ ಸಾಲಿನವು. ಇವು ಮಜೂರಿಯ ಒಳಗೇ ಹುಟ್ಟಬೇಕು. ತಿಂಗಳಿಗೆ ಇಂಥ ಖರ್ಚು 12,000 ರೂಪಾಯಿ, ಕೆಲಸ ಸಿಗುವುದು 20 ದಿನ ಎಂದುಕೊಳ್ಳಿ. ದಿನಕ್ಕೆ 600 ಬಿತ್ತು. ಬಹಳ ಮಂದಿ 30ರಿಂದ ಭಾಗಿಸಿ 400 ಎಂದು ಹಿಡಿಯುತ್ತಾರೆ. ಏನೂ ಉಳಿಯುತ್ತಿಲ್ಲ ಎಂಬ ತಕರಾರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ, ಪೆಟ್ರೋಲಿನಲ್ಲಲ್ಲ.

ಬೇರಿಂಗ್, ಬೆಲ್ಟ್, ಎಲಿವೇಟರ್ ಬಕೆಟ್‌ನಂಥ ಪಾರ್ಟ್ಸ್ ಅನ್ನು ನಂಬರ್ ಸಮೇತ ಒಂದೊಂದಾಗಿ ಬರೆಯಿರಿ. ತಂದುಕೊಟ್ಟ ಓಡಾಟಕ್ಕೆ, ಗ್ಯಾರಂಟಿಯ ಹೊಣೆಗೆ ಲಾಭ ಇಟ್ಟುಕೊಳ್ಳುವುದು ತಪ್ಪಲ್ಲ. ಹಳೆಯ ಬೇರಿಂಗನ್ನು ಮಾತ್ರ ಮಾಲಕರ ಕೈಗೇ ಕೊಟ್ಟು ಬನ್ನಿ. ಅರ್ಧ ಜಗಳ ಅಲ್ಲಿಗೇ ತೀರುತ್ತದೆ. ಗ್ರೀಸು, ಎಮರಿ ಪೇಪರ್, ಒರೆಸುವ ಬಟ್ಟೆಗೆ 40, 25 ಎಂದು ಸಾಲು ಹಾಕಬೇಡಿ, ಗೀಟು ಬೀಳುವುದು ಇಂಥ ಸಾಲುಗಳ ಮೇಲೇ. ಅವನ್ನು ಮಜೂರಿಯಲ್ಲಿ ಸೇರಿಸಿ. ಒಂದೇ ಕೆಲಸಕ್ಕೆ ವೆಲ್ಡಿಂಗ್ ರಾಡಿನ ಇಡೀ ಪ್ಯಾಕೆಟ್ ಮುಗಿದರೆ ಆ ಮಾತು ಬೇರೆ, ಅದನ್ನು ಬರೆಯಿರಿ.

ಓಡಾಟಕ್ಕೆ ಪೆಟ್ರೋಲ್ ಚೀಟಿ ತೋರಿಸುವುದಕ್ಕಿಂತ ಕಿಲೋಮೀಟರ್ ದರ ಚಲೋ. ಬೈಕು ಲೀಟರಿಗೆ 45 ಕಿ.ಮೀ. ಕೊಟ್ಟು, ಪೆಟ್ರೋಲು 100 ರೂಪಾಯಿ ಎಂದು ಹಿಡಿದರೆ ಕಿ.ಮೀ.ಗೆ 2 ರೂಪಾಯಿ 20 ಪೈಸೆ ಚಿಲ್ಲರೆ. ಟೈರು, ಆಯಿಲ್, ಚೈನು ಸೇರಿಸಿದರೆ 4 ರೂಪಾಯಿ ಅತಿಯೇನಲ್ಲ. ಒಂದೇ ದಿನ ಕಾರಟಗಿ, ಸಿಂಧನೂರು ಎರಡೂ ಮುಗಿಸಿದರೆ ಇಬ್ಬರಿಗೂ ಪೂರ್ತಿ ಓಡಾಟ ಹಾಕಬೇಡಿ. ಕಾರಟಗಿವರೆಗಿನದನ್ನು ಇಬ್ಬರಿಗೂ ಅರ್ಧರ್ಧ ಮಾಡಿ, ಮುಂದಿನದನ್ನು ಸಿಂಧನೂರಿನವರಿಗೆ ಹಾಕಿ. ಮಿಲ್ಲಿನವರು ಒಬ್ಬರಿಗೊಬ್ಬರು ಫೋನ್ ಮಾಡಿಯೇ ಮಾಡುತ್ತಾರೆ.

ಎರಡನೇ ಸಲ ಹೋಗಬೇಕಾಗಿ ಬಂದರೆ ಕಾರಣ ಯಾರದು ಎಂದು ನೋಡಿ. 6205 ನಂಬರಿನ ಬೇರಿಂಗ್ ಬೇಕಿದ್ದಲ್ಲಿ 6305 ಒಯ್ದಿರಿ ಎನ್ನಿ. ಎರಡರ ಒಳವ್ಯಾಸವೂ 25 ಮಿ.ಮೀ., ಹಾಗಾಗಿ ಶಾಫ್ಟಿಗೆ ಸಲೀಸಾಗಿ ಏರುತ್ತದೆ. ಹೊರವ್ಯಾಸ 52ರ ಬದಲು 62, ಹೌಸಿಂಗಿನೊಳಗೆ ಕೂರುವುದಿಲ್ಲ. ಹಳೇ ಬೇರಿಂಗಿನ ನಂಬರ್ ಓದದೆ ಹೋದದ್ದು ನೀವು, ಓಡಾಟದ ಖರ್ಚೂ ನಿಮ್ಮದೇ. ಫೋನಿನಲ್ಲಿ ನಂಬರ್ ತಪ್ಪು ಹೇಳಿದವರು ಮಿಲ್ಲಿನವರಾದರೆ ಅವರದು. ಕರೆಂಟಿಲ್ಲದೆ ಅರ್ಧ ದಿನ ಕುಳಿತರೂ ಅವರದೇ, ಮತ್ತು ಇದನ್ನು ಬಿಲ್ಲಿಗೆ ಹಾಕಲು ಹಿಂಜರಿಯಬೇಡಿ. ಆ ಅರ್ಧ ದಿನ ಇಡೀ ವಾರದ ಪೆಟ್ರೋಲಿಗಿಂತ ದುಬಾರಿ.

ಬೆಳಿಗ್ಗೆ ಹೋಗಿ ಸಂಜೆ ಬರುವ ದಿನದ ಊಟ ನಿಮ್ಮದು. ರಾತ್ರಿ ತಂಗಬೇಕಾದರೆ ರೂಮು, ಊಟ ಅವರದು. ಹೆಲ್ಪರ್ ಬೇಕೆಂದರೆ ಹೊರಡುವ ಮುಂಚೆ ಹೇಳಿ. ಈ ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ವಾಟ್ಸಾಪ್ ಮಾಡಿ, 'ಆಯ್ತು' ಎಂದು ಉತ್ತರ ಬಂದ ಮೇಲೆ ಬೈಕ್ ಹತ್ತಿ. ಮೊದಲು ಹೇಳದ ಖರ್ಚು ನ್ಯಾಯವಾದದ್ದೇ ಇದ್ದರೂ ವಸೂಲಾಗುವುದು ಕಷ್ಟ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿದುಕೊಡುವ ಜಾಬ್‌ವರ್ಕ್ ಯೂನಿಟ್ ಇದೆ. ಪೀಸಿಗೆ ಇಷ್ಟು ಎಂದು ದರ. ಸೂಜಿ, ದಾರ, ಜನರೇಟರ್ ಡೀಸೆಲ್ ಬೇರೆ ಕೇಳಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಸೂಜಿ ಮುರಿಯುವುದು ದಿನದ ಮಾತು, ಅದು ಪೀಸ್ ದರದಲ್ಲೇ ಇರಲಿ. ದಾರ, ಜಿಪ್, ಬಟನ್ ಯಾರದು ಎಂಬುದನ್ನು ಆರ್ಡರ್ ಚೀಟಿಯಲ್ಲೇ ಬರೆಸಿಕೊಳ್ಳಿ. ಮಾಮೂಲಿ ಪವರ್‌ಕಟ್ಟಿನ ಡೀಸೆಲ್ ನಿಮ್ಮದು. 'ನಾಳೆ ಬೆಳಿಗ್ಗೆ ಲಾರಿ ಹೋಗಬೇಕು' ಎಂದು ಆರ್ಡರ್ ಕೊಟ್ಟವರು ರಾತ್ರಿ ಹೊಲಿಸಿದರೆ ಡೀಸೆಲ್ಲು, ಓವರ್‌ಟೈಮು ಅವರದು. ಸ್ಯಾಂಪಲ್ ಹೊಲಿದದ್ದಕ್ಕೆ ಚಾರ್ಜ್ ಮಾಡಿ, ಆರ್ಡರ್ ಬಂದರೆ ಕಳೆದುಕೊಡಿ.

ಪ್ರಶ್ನೆ: ರಾಯಚೂರಿನಲ್ಲಿ ತೆರಿಗೆ, ನೋಂದಣಿ ಕೆಲಸ ಮಾಡಿಕೊಡುತ್ತೇನೆ, ಜಿಎಸ್‌ಟಿ ನೋಂದಣಿ ಇದೆ. ಕಕ್ಷಿದಾರರ ಪರವಾಗಿ ಕಟ್ಟಿದ ಸರ್ಕಾರಿ ಶುಲ್ಕದ ಮೇಲೂ ಜಿಎಸ್‌ಟಿ ಹಾಕಬೇಕೇ? ಹೈದರಾಬಾದಿಗೆ ಹೋಗಿಬಂದ ಖರ್ಚು?
– ಓದುಗರು, ರಾಯಚೂರು

ಉತ್ತರ: ಎರಡಕ್ಕೂ ನಿಯಮ ಬೇರೆ ಬೇರೆ. ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮ್ಮ ಕೆಲಸಕ್ಕಾಗಿ ಆದ ಪ್ರಯಾಣ, ವಸತಿಯಂಥ ಖರ್ಚನ್ನು ಕಕ್ಷಿದಾರರಿಂದ ಪಡೆದರೆ ಅದೂ ಸೇವೆಯ ಮೌಲ್ಯವೇ. 'ವಾಸ್ತವ ಖರ್ಚು' ಎಂದು ಬೇರೆ ಸಾಲು ಬರೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ. ಸರ್ಕಾರಿ ಶುಲ್ಕಕ್ಕೆ ನಿಯಮ 33ರ 'ಪ್ಯೂರ್ ಏಜೆಂಟ್' (ಲಾಭ ಇಟ್ಟುಕೊಳ್ಳದೆ ಕಕ್ಷಿದಾರರ ಪರವಾಗಿ ಕಟ್ಟುವವರು) ವಿನಾಯಿತಿ ಉಂಟು: ಕಟ್ಟಲು ಅವರ ಒಪ್ಪಿಗೆ ಇರಬೇಕು, ಇನ್‌ವಾಯ್ಸಿನಲ್ಲಿ ಬೇರೆಯಾಗಿ ತೋರಿಸಬೇಕು, ಕಟ್ಟಿದಷ್ಟನ್ನೇ ಪಡೆಯಬೇಕು. ಚಲನ್ ಅವರ ಹೆಸರಿನಲ್ಲೇ ಇರಲಿ.

ಫೀ 5,000, ಸರ್ಕಾರಿ ಶುಲ್ಕ 3,000 ಆದರೆ ಶೇ 18ರ ದರದಲ್ಲಿ ತೆರಿಗೆ 5,000ದ ಮೇಲೆ 900, ಒಟ್ಟು 8,900. ಎಲ್ಲ ಸೇರಿಸಿ 8,000 ಎಂದು ಬರೆದರೆ ತೆರಿಗೆ 1,440, ಒಟ್ಟು 9,440. 3,000 ಕಟ್ಟಿ 'ಓಡಾಟ ಸೇರಿ' ಎಂದು 3,500 ಪಡೆದರೆ 'ಕಟ್ಟಿದಷ್ಟೇ' ಎಂಬ ಷರತ್ತು ಮುರಿದುಬೀಳುತ್ತದೆ. ಆ 500 ನಿಮ್ಮ ಫೀಯಲ್ಲಿರಲಿ.

ಹೈದರಾಬಾದಿನ ಹೋಟೆಲ್ ಹಾಕುವುದು ತೆಲಂಗಾಣದ ತೆರಿಗೆ. ಕರ್ನಾಟಕದ ನೋಂದಣಿಗೆ ಅದರ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ) ಬರುವುದಿಲ್ಲವಾದ್ದರಿಂದ ತೆರಿಗೆ ಸಮೇತ ಪೂರ್ತಿ ಮೊತ್ತ ನಿಮ್ಮ ಖರ್ಚು. ಬೆಂಗಳೂರಿನಲ್ಲಿ ತಂಗಿ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಕ್ರೆಡಿಟ್ ಪಡೆದಿದ್ದರೆ ತೆರಿಗೆ ಬಿಟ್ಟು ಉಳಿದದ್ದನ್ನಷ್ಟೇ ಖರ್ಚೆಂದು ತೋರಿಸಿ. ಇಲ್ಲದಿದ್ದರೆ ಒಂದೇ ತೆರಿಗೆಯನ್ನು ಸರ್ಕಾರದಿಂದಲೂ ಕಕ್ಷಿದಾರರಿಂದಲೂ ಪಡೆದಂತಾಗುತ್ತದೆ.

ಪ್ರಶ್ನೆ: ಗಿಣಿಗೇರಾ ಕಡೆಯ ಕಂಪನಿಯೊಂದು ನನ್ನ ಪ್ರಯಾಣದ ಖರ್ಚಿನ ಮೇಲೂ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಿತು. ಸರಿಯೇ?
– ಓದುಗರು, ಕೊಪ್ಪಳ

ಉತ್ತರ: ಫೀ, ಖರ್ಚು ಒಂದೇ ಬಿಲ್ಲಿನಲ್ಲಿದ್ದರೆ ಹಿಡಿಯುತ್ತಾರೆ. ಬಿಲ್ಲಿನ ಮೊತ್ತದಿಂದ ಖರ್ಚನ್ನು ಕಳೆದು ಟಿಡಿಎಸ್ ಲೆಕ್ಕ ಹಾಕುವಂತಿಲ್ಲ ಎಂದು ಆದಾಯ ತೆರಿಗೆ ಮಂಡಳಿಯ 1995ರ 715ನೇ ಸುತ್ತೋಲೆಯಲ್ಲೇ ಇದೆ. ಬೇರೆಯಾಗಿ ತೋರಿಸಿದ ಜಿಎಸ್‌ಟಿ ಮೇಲೆ ಮಾತ್ರ ಹಿಡಿಯುವಂತಿಲ್ಲ, ಅದಕ್ಕೆ 2017ರ 23ನೇ ಸುತ್ತೋಲೆ ಇದೆ. ಹಿಡಿದದ್ದು ನಷ್ಟವಲ್ಲ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಜಮೆಯಾದದ್ದನ್ನು ನೋಡಿಕೊಂಡು ರಿಟರ್ನ್‌ನಲ್ಲಿ ಕ್ಲೇಮ್ ಮಾಡಿ. ಅಲ್ಲಿಯವರೆಗೆ ಕೈದುಡ್ಡು ಸಿಕ್ಕಿಬೀಳಬಾರದೆಂದರೆ ಮುಂದಿನ ಸಲ ರೈಲು, ರೂಮು ಅವರೇ ನೇರವಾಗಿ ಬುಕ್ ಮಾಡಲಿ ಎಂದು ಕೇಳಿ. ಆ ಖರ್ಚು ನಿಮ್ಮ ಬಿಲ್ಲಿಗೆ ಬರುವುದೇ ಇಲ್ಲ.